ಫೈನಲ್ ಫ್ಯಾಂಟಸಿ 12: ಎರಡು ಸಲ ರಿಪೇರಿಯಾದ ಆಟ

ಒಂದು ಆಟದಲ್ಲಿ ಏನು ಚೆನ್ನಾಗಿದೆ, ಏನು ಕೆಟ್ಟಿದೆ ಅಂತ ತಿಳಿಯೋಕೆ ವಿಮರ್ಶೆಗಳಿಗಿಂತ ಒಳ್ಳೆಯ ದಾರಿ ಒಂದಿದೆ. ಬಿಡುಗಡೆಯಾದ ಮೇಲೆ ಅದನ್ನು ಮಾಡಿದವರೇ ಏನೇನು ಬದಲಾಯಿಸಿದರು, ಯಾವುದಕ್ಕೆ ಕೈ ಹಚ್ಚಲೇ ಇಲ್ಲ ಅಂತ ನೋಡಿದರೆ ಸಾಕು. ಈ ಲೆಕ್ಕಕ್ಕೆ ಜಪಾನಿನ ವಿಡಿಯೋ ಗೇಮ್ ಸರಣಿಯೊಂದರ ಫೈನಲ್ ಫ್ಯಾಂಟಸಿ 12 ಹೇಳಿ ಮಾಡಿಸಿದ ಪ್ರಕರಣ. ಒಂದೇ ಆಟ, ಮೂರು ರೂಪ. 2006ರಲ್ಲಿ ಮೂಲ ಆಟ ಬಂತು. 2007ರಲ್ಲಿ ಜಪಾನಿಗೆ ಮಾತ್ರ ಅಂತ ಒಂದು ಪರಿಷ್ಕೃತ ರೂಪ ಬಂತು. 2017ರಲ್ಲಿ ಬಂದ 'ದ ಜೋಡಿಯಾಕ್ ಏಜ್' ಈಗ ಹೆಚ್ಚಿನವರು ಆಡುವ ರೂಪ. ಮೂರನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇಷ್ಟು: ನಿಯಮಗಳಲ್ಲಿದ್ದ ತಪ್ಪು ಬಹುಪಾಲು ರಿಪೇರಿ ಆಯಿತು, ಕಥೆಯಲ್ಲಿದ್ದ ತಪ್ಪು ಹಾಗೇ ಉಳಿಯಿತು. ಇನ್ನು ಜನ ಎಲ್ಲಕ್ಕಿಂತ ಜಾಸ್ತಿ ಬೈದ ವಿಷಯ ಇದೆಯಲ್ಲ, ಅದು ತಪ್ಪೇ ಆಗಿರಲಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಕೆಲಸ ಶುರುವಾದದ್ದು 2000ದ ಕೊನೆಯಲ್ಲಿ. ಚುಕ್ಕಾಣಿ ಹಿಡಿದಿದ್ದವರು ಯಾಸುಮಿ ಮತ್ಸುನೋ. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಮತ್ತು ವೇಗ್ರಂಟ್ ಸ್ಟೋರಿ ಮಾಡಿದ್ದ ಮನುಷ್ಯ, ಇವಾಲಿಸ್ ಅನ್ನುವ ಲೋಕ ಅವರದೇ ಕಲ್ಪನೆ. 2005ರ ಆಗಸ್ಟ್‌ನಲ್ಲಿ ಅನಾರೋಗ್ಯದ ಕಾರಣ ಅವರು ಹೊರಬಂದರು. ನಿರ್ದೇಶನ ಹಿರೋಯುಕಿ ಇಟೋ ಮತ್ತು ಹಿರೋಶಿ ಮಿನಗಾವಾ ಕೈಗೆ ಹೋಯಿತು. ಕೊನೆಗೆ 2006ರ ಮಾರ್ಚ್ 16ಕ್ಕೆ ಜಪಾನಿನಲ್ಲಿ ಪ್ಲೇಸ್ಟೇಷನ್ 2ಕ್ಕೆ ಆಟ ಬಂತು, ಅಕ್ಟೋಬರ್ ಕೊನೆಗೆ ಅಮೆರಿಕಕ್ಕೆ. ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 40 ಕೊಟ್ಟಿತು. ಈ ಸರಣಿಯಲ್ಲಿ ಅದಕ್ಕೂ ಮುಂಚೆ ಯಾವ ಆಟಕ್ಕೂ ಪೂರ್ತಿ ಅಂಕ ಸಿಕ್ಕಿರಲಿಲ್ಲ.

ಆಡಿದವರು ಮಾತ್ರ ಎರಡು ಪಾಳಯ ಆದರು.

ಜಗಳದ ಮೂಲ ಗ್ಯಾಂಬಿಟ್. ಹಳೆಯ ಫೈನಲ್ ಫ್ಯಾಂಟಸಿಗಳಲ್ಲಿ ನಡೆದು ಹೋಗುತ್ತಿದ್ದ ಹಾಗೆ ಪರದೆ ಸುಳಿದು, ಬೇರೆಯೇ ಜಾಗದಲ್ಲಿ ಜಗಳ ಶುರುವಾಗಿ, ಒಬ್ಬೊಬ್ಬರ ಸರದಿಗೂ ನೀವು ಮೆನು ತೆಗೆದು ಆಜ್ಞೆ ಕೊಡಬೇಕಿತ್ತು. ಆನ್‌ಲೈನ್ ಆಟವಾದ 11ನ್ನು ಪಕ್ಕಕ್ಕಿಟ್ಟರೆ, ಇದನ್ನು ಕಿತ್ತು ಹಾಕಿದ ಮೊದಲ ಮುಖ್ಯ ಆಟ ಇದೇ. ಶತ್ರು ಎದುರಿಗೇ ಬಯಲಲ್ಲಿ ಓಡಾಡುತ್ತಿರುತ್ತದೆ, ನೀವು ನಡೆಯುತ್ತಿದ್ದ ಜಾಗದಲ್ಲೇ ಹೊಡೆದಾಟ. ಆರು ಪಾತ್ರಗಳಲ್ಲಿ ಒಮ್ಮೆಗೆ ಹೊಡೆದಾಡುವ ಮೂವರಿಗೂ ಒಂದೊಂದು ಹೊಡೆತಕ್ಕೆ ಆಜ್ಞೆ ಕೊಡುತ್ತಾ ಕೂತರೆ ಆಗುವ ಮಾತಲ್ಲ. ಅದಕ್ಕೇ ಮೊದಲೇ ನಿಯಮ ಬರೆದಿಡಬೇಕು: ಹೀಗಾದರೆ ಹೀಗೆ ಮಾಡು. ಈ ನಿಯಮಕ್ಕೇ ಗ್ಯಾಂಬಿಟ್ ಅಂತ ಹೆಸರು. ಇಟೋ ಇದರ ಎಳೆ ಹಿಡಿದದ್ದು ಅಮೆರಿಕನ್ ಫುಟ್‌ಬಾಲ್‌ನಿಂದ. ಅಲ್ಲಿ ಪ್ರತಿ ಆಟಗಾರನಿಗೂ ಗೊತ್ತುಮಾಡಿದ ಕೆಲಸ ಇರುತ್ತದೆ, ಪರಿಸ್ಥಿತಿ ನೋಡಿ ಅದನ್ನು ಮಾಡುತ್ತಾನೆ.

ಒಬ್ಬ ಪಾತ್ರಕ್ಕೆ ಹೆಚ್ಚೆಂದರೆ 12 ಸಾಲು. ಮೇಲಿನಿಂದ ಕೆಳಗೆ ಓದುತ್ತಾ ಬರುತ್ತದೆ, ಯಾವ ಸಾಲಿನ ಷರತ್ತು ಮೊದಲು ನಿಜವಾಗುತ್ತದೋ ಆ ಕೆಲಸ ಮಾಡುತ್ತದೆ. ಕೇಳೋಕೆ ಸುಲಭ. ಈಗ ತಂಡದಲ್ಲಿರುವ ಸೇನಾಪತಿ ಬಾಶ್‌ಗೆ ಮೂರು ಸಾಲು ಬರೆಯೋಣ. ಒಂದು, ನಾಯಕ ಗುರಿಯಿಟ್ಟ ಶತ್ರುವಿಗೆ ಹೊಡಿ. ಎರಡು, ಜೊತೆಗಾರನ ಎಚ್‌ಪಿ (ಉಳಿದಿರುವ ಜೀವಬಲ) ಶೇ. 50ಕ್ಕಿಂತ ಕಡಿಮೆ ಇದ್ದರೆ ವಾಸಿಮಾಡುವ ಕ್ಯೂರ್ ಮಂತ್ರ ಹಾಕು. ಮೂರು, ಜೊತೆಗಾರ ಬಿದ್ದಿದ್ದರೆ ಫೀನಿಕ್ಸ್ ಡೌನ್ ಕೊಟ್ಟು ಎಬ್ಬಿಸು. ನೋಡೋಕೆ ಸರಿಯಾಗೇ ಇದೆ, ಅಲ್ವಾ? ಆಡಿ ನೋಡಿ. ಪಕ್ಕದಲ್ಲಿ ಇಬ್ಬರೂ ಸತ್ತು ಬಿದ್ದಿದ್ದರೂ ಬಾಶ್ ಪುಣ್ಯಾತ್ಮ ತನ್ನ ಪಾಡಿಗೆ ಕತ್ತಿ ಬೀಸುತ್ತಲೇ ಇರುತ್ತಾನೆ, ಯಾಕೆಂದರೆ ಹೊಡೆಯೋಕೆ ಶತ್ರು ಇರುವಷ್ಟು ಹೊತ್ತು ಮೊದಲ ಸಾಲು ದಾಟಿ ಕಣ್ಣು ಕೆಳಗೆ ಹೋಗುವುದೇ ಇಲ್ಲ. ಮೂರನ್ನೂ ತಲೆಕೆಳಗು ಮಾಡಿದರೆ ಮಾತ್ರ ಕೆಲಸ ಆಗುತ್ತದೆ.

ಕಳ್ಳತನದ್ದು ಇನ್ನೂ ಮಜಾ. ಈ ಆಟದಲ್ಲಿ ಶತ್ರುವಿನಿಂದ ವಸ್ತು ಕದಿಯುವುದು ಲಾಭದ ಕೆಲಸ. 'ಯಾವುದೇ ಶತ್ರು ಕಂಡರೆ ಕದಿ' ಅಂತ ಬರೆದರೆ ತಂಡದ ಹುಡುಗ ವಾನ್ ಒಂದು ಸಲ ಕದ್ದ ಮೇಲೂ ಅದೇ ತೋಳದ ಜೇಬು ತಡಕುತ್ತಾ ನಿಂತುಬಿಡುತ್ತಾನೆ, ಅದು ಖಾಲಿಯಾಗಿದೆ ಅನ್ನುವುದು ಅವನಿಗೆ ಬೇಕಿಲ್ಲ. ಇದಕ್ಕೆ ಆಟಗಾರರು ಕಂಡುಕೊಂಡ ಉಪಾಯ 'ಶತ್ರುವಿನ ಎಚ್‌ಪಿ ಶೇ. 100 ಇದ್ದರೆ ಕದಿ'. ಬೇರೆ ಯಾರಾದರೂ ಒಂದೇಟು ಹೊಡೆದ ತಕ್ಷಣ ಷರತ್ತು ಸುಳ್ಳಾಗುತ್ತದೆ, ವಾನ್ ಕದಿಯುವುದು ಬಿಟ್ಟು ಜಗಳಕ್ಕೆ ಬರುತ್ತಾನೆ. ಇದನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ. ಹಾಗೆಯೇ ಪ್ರೇತಗಳಿಗೆ ಗಾಯ ವಾಸಿಮಾಡುವ ಮಂತ್ರ ಹಾಕಿದರೆ ಅವು ಸಾಯುತ್ತವೆ. 'ಪ್ರೇತ ಕಂಡರೆ ಕ್ಯೂರ್' ಅಂತ ಒಂದು ಸಾಲು ಬರೆದಿಟ್ಟು ಬಾರ್‌ಹೈಮ್ ಸುರಂಗದಲ್ಲಿ ಜೋಂಬಿಗಳ ನಡುವೆ ನಡೆದುಹೋಗುವ ಖುಷಿಯೇ ಬೇರೆ.

ಪ್ರೋಗ್ರಾಮಿಂಗ್ ಕೆಲಸದಲ್ಲಿರುವವರಿಗೆ ಇದು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಹಗಲೆಲ್ಲ ಇದನ್ನೇ ಮಾಡಿ, ರಾತ್ರಿ ಮನೆಗೆ ಬಂದು ಮತ್ತೆ ಇದನ್ನೇ ಮಾಡಿ ಅದಕ್ಕೆ ಮನರಂಜನೆ ಅಂತ ಕರೆಯುವ ಜನ ಇದ್ದಾರೆ. ಒಬ್ಬ ಇಲ್ಲೇ ಇದ್ದಾನೆ.

'ಆಟ ತಾನೇ ತಾನಾಗಿ ಆಡಿಕೊಳ್ಳುತ್ತದೆ, ನಾವು ಯಾಕೆ ಬೇಕು' ಅನ್ನುವುದು 2006ರ ದೊಡ್ಡ ದೂರು. ಈ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೈ ಕಟ್ಟಿ ಕೂತಾಗ ನಡೆಯುತ್ತಿರುವುದು ನೀವೇ ಬರೆದದ್ದು. ಸೋತರೆ ಎಲ್ಲಿ ಸೋತಿರಿ ಅಂತ ಸಾಲು ಹುಡುಕಿ ತೋರಿಸಬಹುದು. ರೈಥ್‌ವಾಲ್ ಗೋರಿಯಲ್ಲಿ ಒಂದು ಗೋಡೆ ಜೀವ ಬಂದು ನಿಧಾನಕ್ಕೆ ನಿಮ್ಮ ಕಡೆಗೇ ಸರಿಯುತ್ತಾ ಬರುತ್ತದಲ್ಲ, ಅದರ ಮುಂದೆ ಅಭ್ಯಾಸದ ಗ್ಯಾಂಬಿಟ್ ನಡೆಯುವುದಿಲ್ಲ. ನಿಮ್ಮ ಮೂವರೂ ಶಿಸ್ತಾಗಿ ಹೊಡೆಯುತ್ತಾ ನಿಂತಿರುತ್ತಾರೆ, ಗೋಡೆ ಬಂದು ಎಲ್ಲರನ್ನೂ ಮುಗಿಸುತ್ತದೆ. ಓಡು ಅನ್ನುವ ಗುಂಡಿ ಒತ್ತಿ ಹಿಡಿದು ಕೋಣೆಯ ಆ ತುದಿಯ ಬಾಗಿಲು ಮುಟ್ಟುವ ನಿರ್ಧಾರ ನಿಮ್ಮದೇ ಆಗಿರಬೇಕು.

ಆದರೂ ದೂರಿನಲ್ಲಿ ಒಂದು ತುಣುಕು ನಿಜ ಇದೆ. ಮೂಲ ಆಟದಲ್ಲಿ ಷರತ್ತುಗಳನ್ನೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು, ಅವೂ ಕಥೆ ಮುಂದುವರಿದ ಹಾಗೆ ಸ್ವಲ್ಪ ಸ್ವಲ್ಪವೇ ಅಂಗಡಿಗೆ ಬರುತ್ತಿದ್ದವು. ಶುರುವಿನಲ್ಲಿ ಕೈಯಲ್ಲಿರುವುದು ಹೊಡಿ, ವಾಸಿಮಾಡು ಇಷ್ಟೇ. ಹೀಗೆ ಮೊದಲ ಹತ್ತು ಗಂಟೆ ಸಪ್ಪೆ. ಅಷ್ಟರಲ್ಲಿ ಬೇಜಾರಾಗಿ ಬಿಟ್ಟವರಿಗೆ ಗ್ಯಾಂಬಿಟ್ ಅಂದರೆ ಏನು ಅಂತ ಗೊತ್ತಾಗಲೇ ಇಲ್ಲ. ಈಗ ನೋಡಿ, ಎರಡು ಸಲ ಪರಿಷ್ಕರಣೆ ಆದರೂ ಗ್ಯಾಂಬಿಟ್ಟಿನ ಮೂಲ ನಿಯಮವನ್ನು ಯಾರೂ ಮುಟ್ಟಲಿಲ್ಲ. ಷರತ್ತು, ಕೆಲಸ, ಮೇಲಿನಿಂದ ಕೆಳಗೆ. 2006ರಲ್ಲಿ ಹೇಗಿತ್ತೋ ಹಾಗೇ ಇದೆ.

ಅವರು ಮುಟ್ಟಿದ್ದು ಲೈಸೆನ್ಸ್ ಬೋರ್ಡನ್ನು. ನಿಜವಾದ ಹುಳುಕು ಇದ್ದದ್ದೂ ಅಲ್ಲೇ.

ಲೈಸೆನ್ಸ್ ಬೋರ್ಡ್ ಅಂದರೆ ಚದುರಂಗದ ಮಣೆಯಂಥ ಒಂದು ಹಾಸು. ಕತ್ತಿ ಹಿಡಿಯಬೇಕಾದರೆ ಕತ್ತಿಯ ಮನೆ ತೆರೆಯಬೇಕು, ಮಂತ್ರ ಹಾಕಬೇಕಾದರೆ ಮಂತ್ರದ ಮನೆ. ಶತ್ರುಗಳನ್ನು ಕೊಂದಾಗ ಸಿಗುವ ಅಂಕಗಳಿಂದ ಒಂದೊಂದೇ ಮನೆ ತೆರೆಯುತ್ತಾ ಅಕ್ಕಪಕ್ಕಕ್ಕೆ ಹರಡಬೇಕು. (ಅಂಗಡಿಯಲ್ಲಿ ಟೋಪಿ ಕೊಂಡು ತಂದು, ತಲೆಗೆ ಹಾಕಿಕೊಳ್ಳೋಕೆ ಲೈಸೆನ್ಸ್ ಇಲ್ಲ ಅಂತ ಹೇಳಿಸಿಕೊಳ್ಳುವುದಕ್ಕೆ ನಗಬೇಕೋ ಅಳಬೇಕೋ.) 2006ರಲ್ಲಿ ಆರು ಪಾತ್ರಗಳಿಗೂ ಇದ್ದದ್ದು ಒಂದೇ ಹಾಸು. ಶುರುವಾಗುವ ಮನೆ ಮಾತ್ರ ಬೇರೆ ಬೇರೆ. ಕ್ವಿಕನಿಂಗ್ ಅನ್ನುವ ವಿಶೇಷ ಹೊಡೆತಗಳು ಮತ್ತು ಎಸ್ಪರ್ ಅನ್ನುವ 13 ಮಹಾಭೂತಗಳನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಎಲ್ಲರೂ ಕಲಿಯಬಹುದು.

ಸ್ವಾತಂತ್ರ್ಯ ಅಂತ ಕೇಳಿದರೆ ಚೆಂದ. ನಡೆದದ್ದೇನು ಅಂದರೆ, ಐವತ್ತು ಅರವತ್ತು ಗಂಟೆ ಆಡುವಷ್ಟರಲ್ಲಿ ಆರೂ ಜನ ಒಬ್ಬನದೇ ಆರು ಪ್ರತಿ ಆಗಿಬಿಡುತ್ತಿದ್ದರು. ಎಲ್ಲರಿಗೂ ಒಳ್ಳೆಯ ಕತ್ತಿ, ಎಲ್ಲರಿಗೂ ಗಟ್ಟಿ ಕವಚ, ಎಲ್ಲರಿಗೂ ವಾಸಿಮಾಡುವ ಮಂತ್ರ. ಫ್ರಾನ್ ಬಿಲ್ಲು ಹಿಡಿದು ಬಂದವಳು, ಬಾಲ್ತಿಯರ್ ಬಂದೂಕು ಹಿಡಿದು ಬಂದವನು, ಕೊನೆಗೆ ಇಬ್ಬರ ಕೈಯಲ್ಲೂ ಒಂದೇ ಥರದ ಆಯುಧ. ಹೀಗಾದ ಮೇಲೆ ಗ್ಯಾಂಬಿಟ್ಟೂ ಸಪ್ಪೆಯಾಗುತ್ತದೆ: ಮೂವರೂ ಎಲ್ಲ ಕೆಲಸ ಮಾಡಬಲ್ಲವರಾದರೆ ಯಾರು ಏನು ಮಾಡಬೇಕು ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲವಲ್ಲ. ಒಬ್ಬನಿಗೆ ಬರೆದ ನಿಯಮವನ್ನೇ ಉಳಿದವರಿಗೂ ಬರೆದರೆ ಮುಗಿಯಿತು. 'ಆಟ ತಾನೇ ಆಡಿಕೊಳ್ಳುತ್ತದೆ' ಅಂತ ಬೈದವರಿಗೆ ನೋವು ಆದದ್ದು ನಿಜ, ಬೆರಳು ತೋರಿಸಿದ ಜಾಗ ಮಾತ್ರ ಬೇರೆ.

2007ರ ಆಗಸ್ಟ್‌ನಲ್ಲಿ ಬಂದ ಜಪಾನಿ ಪರಿಷ್ಕರಣೆ ಸರಿಯಾಗಿ ಇಲ್ಲಿಗೇ ಕೈ ಹಾಕಿತು. ಒಂದು ಹಾಸಿನ ಜಾಗದಲ್ಲಿ 12 ರಾಶಿಗಳಿಗೆ ಒಂದೊಂದರಂತೆ 12 ಕಸುಬು, ಒಂದೊಂದಕ್ಕೂ ಬೇರೆ ಹಾಸು. ಒಬ್ಬರಿಗೆ ಒಂದೇ ಕಸುಬು. ಒಬ್ಬಳು ಬಿಳಿ ಮಂತ್ರವಾದಿ ಆದರೆ ಅವಳಿಗೆ ದೊಡ್ಡ ಕತ್ತಿ ಇಲ್ಲ. ಈಟಿಗಾರನಿಗೆ ವಾಸಿಮಾಡೋಕೆ ಬರುವುದಿಲ್ಲ. ಈಗ ಗ್ಯಾಂಬಿಟ್‌ಗೆ ಅರ್ಥ ಬಂತು. ಕಾಲಮಂತ್ರದವನು ಹೇಸ್ಟ್ ಹಾಕಿ ಎಲ್ಲರನ್ನೂ ಚುರುಕು ಮಾಡಬೇಕು, ಗುರಾಣಿಯವನು ಡಿಕಾಯ್ ಹಾಕಿಸಿಕೊಂಡು ಶತ್ರುಗಳ ಕಣ್ಣನ್ನೆಲ್ಲ ತನ್ನ ಕಡೆ ಎಳೆಯಬೇಕು, ಮೂರನೆಯವಳು ಹಿಂದೆ ನಿಂತು ಎಚ್‌ಪಿ ನೋಡಿಕೊಳ್ಳಬೇಕು. ಯಾರನ್ನು ಒಳಗಿಡುವುದು, ಯಾರನ್ನು ಬೆಂಚಿನಲ್ಲಿ ಕೂರಿಸುವುದು ಅನ್ನುವುದೇ ಒಂದು ಲೆಕ್ಕ ಆಯಿತು. ಕಡಿಮೆ ಕೊಟ್ಟದ್ದರಿಂದಲೇ ಆಟ ದೊಡ್ಡದಾಯಿತು ಅನ್ನಬಹುದು.

2017ರಲ್ಲಿ ಒಬ್ಬರಿಗೆ ಎರಡು ಕಸುಬು ಅಂತ ಮಾಡಿದರು. 12 ಕಸುಬು, 6 ಜನ, ಲೆಕ್ಕ ಸರಿಹೋಯಿತು, ಯಾವುದನ್ನೂ ಬಿಡಬೇಕಾಗಿಲ್ಲ. ಆದರೆ ಆಟ ಸುಲಭವೂ ಆಯಿತು, ನನ್ನ ಪ್ರಕಾರ ಸ್ವಲ್ಪ ಅತಿಯಾಗಿಯೇ. ಒಮ್ಮೆ ಆರಿಸಿದ ಕಸುಬನ್ನು ಬದಲಾಯಿಸುವ ದಾರಿ ಅದರಲ್ಲಿ ಇರಲಿಲ್ಲ, ಆಟ ಏನು ಅಂತಲೇ ತಿಳಿಯದ ಹೊತ್ತಿಗೆ ಅರವತ್ತು ಗಂಟೆಯ ನಿರ್ಧಾರ ಕೇಳುತ್ತಿತ್ತು. 2019ರಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್‌ಗೆ ಬಂದಾಗ ಅದನ್ನೂ ಸರಿಮಾಡಿದರು, 2020ರಲ್ಲಿ ಪಿಸಿ ಮತ್ತು ಪ್ಲೇಸ್ಟೇಷನ್ 4ಕ್ಕೂ ಆ ಸೌಲಭ್ಯ ಬಂತು. ರಬನಾಸ್ಟ್ರೆ ಅನ್ನುವ ಊರಿನ ಬೇಟೆಗಾರರ ಸಂಘದಲ್ಲಿ ಮೂಗ್ಲ್ ಅನ್ನುವ ಗಿಡ್ಡ ಜಾತಿಯ ಮಾಂಟ್‌ಬ್ಲಾಂಕ್ ನಿಂತಿರುತ್ತಾನೆ, ಅವನ ಹತ್ತಿರ ಹೋದರೆ ಕಸುಬು ಅಳಿಸಿ ಕೊಡುತ್ತಾನೆ.

ಸಣ್ಣಪುಟ್ಟ ಹುಚ್ಚಾಟಗಳೂ ಹೋದವು. ಅದರಲ್ಲಿ ಒಂದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೂಲ ಆಟದ ಅತಿ ಬಲವಾದ ಆಯುಧ ಜೋಡಿಯಾಕ್ ಸ್ಪಿಯರ್ ಅನ್ನುವ ಈಟಿ. ನಬುಡಿಸ್ ಅನ್ನುವ ಹಾಳು ನಗರದ ಒಂದು ಪೆಟ್ಟಿಗೆಯಲ್ಲಿ ಸಿಗುತ್ತದೆ. ಆದರೆ ಅದಕ್ಕೂ ಮುಂಚೆ ನಾಲ್ಕು ನಿರ್ದಿಷ್ಟ ಪೆಟ್ಟಿಗೆಗಳನ್ನು ನೀವು ತೆರೆದಿರಬಾರದು. ಅದರಲ್ಲಿ ಒಂದು ಶುರುವಿನಲ್ಲೇ ಲೋಟೌನ್ ಕೇರಿಯಲ್ಲಿ ಮುದುಕ ದಲಾನ್‌ನ ಮನೆ ಹೊರಗೆ ಇರುತ್ತದೆ, ಒಂದು ಅರಮನೆಯ ನೆಲಮಾಳಿಗೆಯಲ್ಲಿ, ಒಂದು ನಲ್ಬಿನಾ ಸೆರೆಮನೆಯಲ್ಲಿ, ಒಂದು ಫಾನ್ ಕಡಲತೀರದಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳ ನಡುವೆ. ಯಾವುದು ಅಂತ ಆಟದಲ್ಲಿ ಒಂದೇ ಒಂದು ಸುಳಿವಿಲ್ಲ. ಪೆಟ್ಟಿಗೆ ಕಂಡರೆ ತೆರೆಯಬೇಕು ಅಂತ ಇಪ್ಪತ್ತು ವರ್ಷ ಆಟಗಾರರಿಗೆ ಕಲಿಸಿದ ಪ್ರಕಾರದ ಆಟದಲ್ಲಿ ಇದು ಶುದ್ಧ ಅನ್ಯಾಯ. ಗೈಡ್ ಪುಸ್ತಕ ಮಾರೋಕೆ ಮಾಡಿದ್ದು ಅಂತ ಜನ ಆಡಿಕೊಂಡರು, ಆಡಿಕೊಳ್ಳದೆ ಇನ್ನೇನು ಮಾಡುತ್ತಾರೆ. 2007ರಲ್ಲಿ ಈ ನಿಯಮವೇ ಹೋಯಿತು. ಸಾಮಾನ್ಯ ಪೆಟ್ಟಿಗೆಗಳ ಅದೃಷ್ಟದಾಟ ಮಾತ್ರ ಉಳಿದಿದೆ: ಪೆಟ್ಟಿಗೆ ಅಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಇದ್ದರೂ ಒಳಗೆ ಚಿಲ್ಲರೆ ಕಾಸು.

ಇನ್ನು ನಡಿಗೆ. ಈ ಲೋಕ ವಿಶಾಲ, ಅದೇ ಅದರ ಸೊಗಸು, ಅದೇ ಅದರ ಕಾಟ. ಬುರ್-ಒಮಿಸೇಸ್ ಬೆಟ್ಟದಿಂದ ಆರ್ಕೇಡಿಯಾ ಸಾಮ್ರಾಜ್ಯದ ರಾಜಧಾನಿಗೆ ಹೋಗಬೇಕು ಅಂತ ಕಥೆ ಒಂದು ಮಾತಿನಲ್ಲಿ ಹೇಳಿ ಸುಮ್ಮನಾಗುತ್ತದೆ. ನಡುವೆ ಮೊಸ್ಫೊರಾ ಕಣಿವೆ, ಸಾಲಿಕಾ ಕಾಡು, ಫಾನ್ ಕಡಲತೀರ, ಚಿಟಾ ಹುಲ್ಲುಗಾವಲು, ಸೋಕನ್ ಗುಹೆ. ಗಂಟೆಗಟ್ಟಲೆ ಹೊಡೆದಾಟ, ಕಥೆ ಮಾತ್ರ ಹನಿ ಹನಿ. ಕೊನೆಗೂ ಊರು ಮುಟ್ಟಿದೆವು ಅಂದುಕೊಂಡರೆ, ಮೇಲಿನ ಬಡಾವಣೆಗೆ ಬಿಡಬೇಕಾದರೆ ಊರವರಿಗೆ ಸುದ್ದಿ ಮುಟ್ಟಿಸಿ 9 ಮರದ ಬಿಲ್ಲೆ ಸಂಪಾದಿಸಿಕೊಂಡು ಬಾ ಅನ್ನುತ್ತದೆ. ದೇವರೇ. ಪರಿಷ್ಕರಣೆಗಳಲ್ಲಿ ಇದಕ್ಕೆ ಸಿಕ್ಕ ಪರಿಹಾರ ವೇಗದ ಗುಂಡಿ. 2017ರದ್ದರಲ್ಲಿ ಎಲ್ಲವನ್ನೂ 2 ಪಟ್ಟು ಇಲ್ಲವೇ 4 ಪಟ್ಟು ವೇಗದಲ್ಲಿ ಓಡಿಸಬಹುದು. ಕೆಲಸಕ್ಕೆ ಬರುತ್ತದೆ, ನಾನೂ ಧಾರಾಳವಾಗಿ ಬಳಸುತ್ತೇನೆ. ಆದರೆ ತಮ್ಮದೇ ಆಟವನ್ನು ಓಡಿಸಿಕೊಂಡು ನೋಡಿ ಅಂತ ಮಾಡಿದವರೇ ಗುಂಡಿ ಕೊಡುವುದು ಒಂಥರಾ ತಪ್ಪೊಪ್ಪಿಗೆಯೇ ತಾನೇ.

ಓಡಿಸಬಾರದ ಜಾಗಗಳೂ ಇವೆ. ಗೀಜಾ ಬಯಲಿಗೆ ಬೇಸಿಗೆಯಲ್ಲಿ ಹೋದರೆ ಒಣ ಹುಲ್ಲು, ಅಲೆಮಾರಿಗಳ ಡೇರೆ, ಮಕ್ಕಳು. ಮಳೆಗಾಲದಲ್ಲಿ ಹೋದರೆ ಡೇರೆಗಳಿಲ್ಲ, ಹಳ್ಳ ತುಂಬಿ ದಾರಿ ಬದಲಾಗಿದೆ, ಬೇಸಿಗೆಯಲ್ಲಿ ಕಾಣದ ಬಲವಾದ ಪ್ರಾಣಿಗಳು ಹೊರಗೆ ಬಂದಿವೆ. ಊರ ಹೊರಗಿನ ಮರಳುಗಾಡಿನಲ್ಲಿ ಮೊದಲ ಗಂಟೆಯಲ್ಲೇ ಒಂದು ದೈತ್ಯ ಡೈನೋಸಾರ್ ತನ್ನ ಪಾಡಿಗೆ ತಿರುಗಾಡುತ್ತಿರುತ್ತದೆ. ನೀವಾಗಿ ಕೆಣಕದಿದ್ದರೆ ಅದೂ ನಿಮ್ಮನ್ನು ಕೇಳುವುದಿಲ್ಲ. ಕೆಣಕಿದರೆ ಒಂದೇ ಏಟು. ತೋಳ ಕೊಂದರೆ ಅದರ ಹೊಟ್ಟೆಯಿಂದ ನಾಣ್ಯ ಉದುರುವುದಿಲ್ಲ, ಚರ್ಮ ಸಿಗುತ್ತದೆ. ಅದನ್ನು ಅಂಗಡಿಗೆ ಮಾರಿದರೆ ದುಡ್ಡು, ಸರಿಯಾದ ಸಾಮಾನು ಸರಿಯಾದ ಲೆಕ್ಕದಲ್ಲಿ ಮಾರಿದರೆ ಅದರಿಂದ ಮಾಡಿದ ಹೊಸ ವಸ್ತು ಬಜಾರಿಗೆ ಬರುತ್ತದೆ. 45 ಬೇಟೆಗಳಿವೆ, ಟೊಮೆಟೊ ಹಣ್ಣಿನ ಆಕಾರದ ಪುಟ್ಟ ಪ್ರಾಣಿಯಿಂದ ಶುರುವಾಗಿ 5 ಕೋಟಿ ಎಚ್‌ಪಿ ಇರುವ ಯಾಜ್ಮಟ್ ಡ್ರ್ಯಾಗನ್‌ವರೆಗೆ. ಮೂಲ ಆಟದಲ್ಲಿ ಒಂದೇಟಿಗೆ 9999ರ ಮಿತಿ ಇತ್ತು, ಭಾಗಿಸಿ ನೋಡಿಕೊಳ್ಳಿ. ಜಗಳದ ನಡುವೆ ಎದ್ದು ಹೋಗಿ ಸೇವ್ ಮಾಡಿ, ಊಟ ಮಾಡಿ ಬಂದು ಮುಂದುವರಿಸುತ್ತಿದ್ದರು ಜನ.

ಭುಜರ್ಬಾ ಅನ್ನುವ ತೇಲುವ ಊರಿಗೆ ಬಂದಾಗ ನಮ್ಮಲ್ಲಿ ಯಾರಾದರೂ ಒಂದು ಕ್ಷಣ ಬೆಚ್ಚುತ್ತಾರೆ. ಅಲ್ಲಿನ ಜನ ಮಾತಿನ ನಡುವೆ 'ಭದ್ರ' ಅನ್ನುತ್ತಾರೆ, ಊರು ತೋರಿಸುವ ಗೈಡಿಗೆ 'ಪರಿಜನಃ' ಅಂತ ಹೆಸರು, ಇಂಗ್ಲಿಷ್ ಆವೃತ್ತಿಯಲ್ಲಿ ಅವರ ಉಚ್ಚಾರಣೆಗೆ ಶ್ರೀಲಂಕಾದ ಧಾಟಿ. ಆರ್ಕೇಡಿಯಾದವರಿಗೆ ಬ್ರಿಟಿಷ್ ಇಂಗ್ಲಿಷ್, ದಲ್ಮಾಸ್ಕಾದವರಿಗೆ ಅಮೆರಿಕನ್. ಅಲೆಕ್ಸಾಂಡರ್ ಸ್ಮಿತ್ ಮತ್ತು ಅವರ ಜೊತೆಯವರು ಇಂಗ್ಲಿಷಿಗೆ ತಂದ ಬಗೆ ಎಷ್ಟು ಚೆನ್ನಾಗಿದೆ ಅಂದರೆ ಯಾರು ಯಾವ ಊರಿನವರು ಅಂತ ಕಣ್ಣು ಮುಚ್ಚಿ ಹೇಳಬಹುದು.

ಅದೇ ಭುಜರ್ಬಾದಲ್ಲೇ ಈ ಆಟದ ರಿಪೇರಿಯಾಗದ ಹುಳುಕೂ ಬಯಲಿಗೆ ಬರುತ್ತದೆ. ಕಥೆ ಹೀಗಿದೆ: ಎರಡು ದೊಡ್ಡ ಸಾಮ್ರಾಜ್ಯಗಳ ನಡುವೆ ಸಿಕ್ಕಿಕೊಂಡ ಪುಟ್ಟ ರಾಜ್ಯ ದಲ್ಮಾಸ್ಕಾ. ರಾಜನನ್ನು ಕೊಂದ ಅಪವಾದ ಹೊತ್ತ ಸೇನಾಪತಿ ಬಾಶ್. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡು ಸತ್ತಳೆಂದು ಲೋಕ ನಂಬಿರುವ ರಾಜಕುಮಾರಿ ಆಶ್. ಇಷ್ಟು ಸಾಕಲ್ಲವಾ ಒಂದು ಕಥೆಗೆ? ಆದರೆ ನಮ್ಮ ಕೈಗೆ ಕೊಡುವುದು 17ರ ಬೀದಿ ಹುಡುಗ ವಾನ್‌ನನ್ನು. ಭುಜರ್ಬಾದಲ್ಲಿ ಬಂಡುಕೋರರ ಗಮನ ಸೆಳೆಯೋಕೆ ಅವನು ಬೀದಿ ಬೀದಿ ಸುತ್ತುತ್ತಾ 'ನಾನೇ ಸೇನಾಪತಿ ಬಾಶ್' ಅಂತ ಕೂಗಬೇಕು, ನೀವು ಗುಂಡಿ ಒತ್ತಿ ಕೂಗಿಸಬೇಕು, ಮೂಲೆಯಲ್ಲಿ ಒಂದು ಮೀಟರ್ ಶೇ. 100 ಮುಟ್ಟುವ ತನಕ. ಇದರ ತಮಾಷೆ ಏನೆಂದರೆ ಮೊದಲು ಕಥಾನಾಯಕನಾಗಬೇಕಿದ್ದವನು ಬಾಶೇ. ವೇಗ್ರಂಟ್ ಸ್ಟೋರಿಯಲ್ಲಿ ಗಟ್ಟಿಮುಟ್ಟು ಗಂಡಸನ್ನು ನಾಯಕ ಮಾಡಿದ್ದು ಅಷ್ಟಾಗಿ ನಡೆಯಲಿಲ್ಲ, ಹಾಗಾಗಿ ಆಟಗಾರರ ವಯಸ್ಸಿಗೆ ಹತ್ತಿರದ ಹುಡುಗನನ್ನು ತಂದೆವು ಅಂತ ಮಾಡಿದವರೇ ಹೇಳಿದ್ದಾರೆ. ವಾನ್ ಆ ಕೂಗುವ ಹೊತ್ತಿನಲ್ಲಿ ಆಟ ತನ್ನನ್ನೇ ಆಡಿಕೊಂಡ ಹಾಗಿದೆ. ಬಾಲ್ತಿಯರ್ ಅಂತೂ ತಾನೇ ಈ ಕಥೆಯ ಹೀರೋ ಅಂತ ಸಮಯ ಸಿಕ್ಕಾಗೆಲ್ಲ ಹೇಳಿಕೊಳ್ಳುತ್ತಾನೆ, ಯಾರೂ ಅಲ್ಲ ಅನ್ನುವುದಿಲ್ಲ.

ವಾನ್ ಇರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಣ್ಣನನ್ನು ಕಳೆದುಕೊಂಡ ಕೆಳಗಿನ ಕೇರಿಯ ಹುಡುಗನ ಕಣ್ಣಿಂದ ರಾಜರ ಜಗಳ ನೋಡುವುದು ಒಳ್ಳೆಯ ಯೋಚನೆಯೇ. ಆ ಅಣ್ಣನ ಸಾವಿಗೆ ಕಾರಣವಾದದ್ದು ಬಾಶ್‌ನ ಮೇಲೆ ಅಪವಾದ ಬಂದ ಅದೇ ಘಟನೆ. ವಾನ್‌ಗೂ ಬಾಶ್‌ಗೂ ನಡುವೆ ಎಷ್ಟು ಮಾತು ಇರಬೇಕಿತ್ತು! ಆ ಲೆಕ್ಕ ಶುರುವಿನಲ್ಲೇ ಚುಟುಕಾಗಿ ಚುಕ್ತಾ ಆಗುತ್ತದೆ, ಆಮೇಲೆ ಅವನಿಗೆ ಕಥೆಯಲ್ಲಿ ಕೆಲಸವೇ ಇಲ್ಲ. ಅವನ ಗೆಳತಿ ಪೆನೆಲೋಗೆ ಅಷ್ಟೂ ಇಲ್ಲ. ಬಾಶ್ ಮತ್ತು ಅವನ ಅವಳಿ ತಮ್ಮ ಗೇಬ್ರಾಂಥ್, ಸಾಮ್ರಾಜ್ಯದ ನ್ಯಾಯಾಧೀಶರ ಒಳಜಗಳ, ವೇಯ್ನ್ ಅನ್ನುವ ಜಾಣ ಖಳ, ಇವೆಲ್ಲ ಮೊದಲ ಭಾಗದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಬಂದು, ಎರಡನೆಯ ಭಾಗದಲ್ಲಿ ಉದ್ದುದ್ದ ಗುಹೆಗಳ ನಡುವೆ ತೆಳುವಾಗುತ್ತವೆ. ಮತ್ಸುನೋ ಹೋದದ್ದರಿಂದಲೇ ಹೀಗಾಯಿತು ಅಂತ ಅಭಿಮಾನಿಗಳು ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಾರೆ. ಅಷ್ಟು ಸಲೀಸಾದ ಉತ್ತರ ನನಗೆ ರುಚಿಸುವುದಿಲ್ಲ.

ಆಶ್ ಮಾತ್ರ ಗಟ್ಟಿ. ಸತ್ತ ಗಂಡನ ನೆರಳು ಅವಳಿಗೆ ಆಗಾಗ ಕಾಣಿಸುತ್ತಾ ಸೇಡಿನ ಕಡೆಗೆ ಕರೆಯುತ್ತದೆ. ಫಾರೋಸ್ ಗೋಪುರದ ತುದಿಯಲ್ಲಿ ಸಾಮ್ರಾಜ್ಯವನ್ನೇ ಸುಟ್ಟುಹಾಕುವ ಶಕ್ತಿ ಕೈಗೆಟುಕುವಾಗ, ತನ್ನ ಗಂಡ ಬದುಕಿದ್ದರೆ ಇದನ್ನು ಕೇಳುತ್ತಿರಲಿಲ್ಲ ಅಂತ ತಿಳಿದು ಅವಳು ಆ ನೆರಳನ್ನೇ ಧಿಕ್ಕರಿಸುತ್ತಾಳೆ. ಇಡೀ ಸರಣಿಯಲ್ಲಿ ನನಗೆ ಇಷ್ಟವಾದ ಕೆಲವೇ ದೃಶ್ಯಗಳಲ್ಲಿ ಇದೂ ಒಂದು. ಅದಕ್ಕೆ ಮುಂಚೆ ಮಹಡಿ ಮೇಲೆ ಮಹಡಿ ಹತ್ತಬೇಕು ಅನ್ನುವುದು ಬೇರೆ ಮಾತು.

ಹಾಸು ಬದಲಾಯಿಸಿದ ಹಾಗೆ ಇದನ್ನು ಬದಲಾಯಿಸೋಕೆ ಆಗುವುದಿಲ್ಲ. ಲೈಸೆನ್ಸ್ ಬೋರ್ಡ್ ಒಂದು ಲೆಕ್ಕದ ಪಟ್ಟಿ, ಸಂಖ್ಯೆ ತಿದ್ದಿದರೆ ಆಟವೆಲ್ಲ ಹೊಸದು. ವಾನ್ ಜಾಗದಲ್ಲಿ ಬಾಶ್‌ನನ್ನು ನಿಲ್ಲಿಸಬೇಕಾದರೆ ದೃಶ್ಯ ಮತ್ತೆ ಬರೆಯಬೇಕು, ನಟರನ್ನು ಮತ್ತೆ ಕರೆಸಬೇಕು, ಅದು ಬೇರೆಯೇ ಆಟ. 2017ರಲ್ಲಿ ಹಿತೋಶಿ ಸಾಕಿಮೋಟೋ ಅವರ ಸಂಗೀತವನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರು, ಚಿತ್ರ ಚುರುಕು ಮಾಡಿದರು, ನಕ್ಷೆಯನ್ನು ಪರದೆ ಮೇಲೇ ಹರಡಿ ನೋಡುವ ಹಾಗೆ ಮಾಡಿದರು. ಕಥೆಯಲ್ಲಿ ಒಂದು ಮಾತೂ ಅತ್ತಿತ್ತ ಆಗಲಿಲ್ಲ.

ಈಗ ಶುರುಮಾಡುವವರು ಜೋಡಿಯಾಕ್ ಏಜನ್ನೇ ತೆಗೆದುಕೊಳ್ಳಿ, ಹಳೆಯದನ್ನು ಹುಡುಕುವ ಅಗತ್ಯ ಇಲ್ಲ. ಕಸುಬು ಆರಿಸುವಾಗ ಗಂಟೆಗಟ್ಟಲೆ ಯೋಚಿಸಬೇಡಿ, ಮಾಂಟ್‌ಬ್ಲಾಂಕ್ ಇದ್ದಾನೆ. ಆಟ ಸವಾಲಾಗಿಯೇ ಇರಲಿ ಅನ್ನುವವರು ಎರಡನೆಯ ಕಸುಬನ್ನು ತೆರೆಯದೆ ಆಡಿ, ಯಾರೂ ಬಲವಂತ ಮಾಡುವುದಿಲ್ಲ. ಕೈಗೆ ದುಡ್ಡು ಬಂದ ತಕ್ಷಣ ಗ್ಯಾಂಬಿಟ್ ಅಂಗಡಿಗೆ ಹೋಗಿ, ಕತ್ತಿ ಆಮೇಲೆ ನೋಡಿಕೊಳ್ಳಬಹುದು. 4 ಪಟ್ಟು ವೇಗವನ್ನು ಮರಳುಗಾಡಿನಲ್ಲಿ ಹಾಕಿ, ಊರೊಳಗೆ ಬಂದ ತಕ್ಷಣ ತೆಗೆಯಿರಿ. ಮತ್ತೆ ಆ ಡೈನೋಸಾರ್‌ಗೆ ಸುಮ್ನೆ ಹೋಗಿ ಹೊಡೆಯಬೇಡಿ.